ಎ ಪ್ಲಸ್ ಪ್ಲಸ್‌ಗೆ ಸಾಕ್ಷಿ ಯಾರು?

ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆ ಹೊರಟ ಮೆಟ್ರೊದಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಹೊರಗೆ ನೋಡುತ್ತಾ ಬನ್ನಿ. ಮೈಸೂರು ರಸ್ತೆಯ ಉದ್ದಕ್ಕೂ ಕಾಲೇಜುಗಳ ಫಲಕಗಳದೇ ಕಾರುಬಾರು. ಎಂಜಿನಿಯರಿಂಗ್, ಎಂಬಿಎ, ಬಿಸಿಎ, ನರ್ಸಿಂಗ್, ಫಾರ್ಮಸಿ. ಮೊದಲೆಲ್ಲ ಫಲಕದ ಮೇಲೆ ಕಾಲೇಜಿನ ಹೆಸರು ದಪ್ಪಕ್ಷರದಲ್ಲಿರುತ್ತಿತ್ತು, ಕೆಳಗೆ ಕೋರ್ಸುಗಳ ಪಟ್ಟಿ. ಈಗ ಹೆಸರಿಗಿಂತ ನ್ಯಾಕ್, ಅಂದರೆ ಕಾಲೇಜುಗಳನ್ನು ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ, ಕೊಟ್ಟ ಗ್ರೇಡೇ ದಪ್ಪ. ಎ, ಎ ಪ್ಲಸ್, ಎ ಪ್ಲಸ್ ಪ್ಲಸ್. ಪಕ್ಕದಲ್ಲೇ ಹರಿಯುವ ವೃಷಭಾವತಿಗೆ ಮಾತ್ರ ಯಾರೂ ಗ್ರೇಡ್ ಕೊಟ್ಟಿಲ್ಲ. ಅದಕ್ಕೆ ಬೇಕಾಗಿಯೂ ಇಲ್ಲ, ಮೂಗಿದ್ದವರಿಗೆಲ್ಲ ಗೊತ್ತಾಗುತ್ತದೆ.

ಈ ಸಾಲಿನಲ್ಲೇ ಇರುವ ಒಂದು ಪದವಿ ಕಾಲೇಜಿನಲ್ಲಿ ನಾನು ಸಂಸ್ಕೃತ ಪಾಠ ಮಾಡುತ್ತೇನೆ. ನನ್ನ ಹುಡುಗರಲ್ಲಿ ಹೆಚ್ಚಿನವರು ಬಿ.ಕಾಂ.ನವರು. ಸಂಸ್ಕೃತ ತೆಗೆದುಕೊಂಡರೆ ಅಂಕ ಕೈಕೊಡುವುದಿಲ್ಲ ಎಂಬ ನಂಬಿಕೆಯಿಂದ ಬಂದು ಕೂರುತ್ತಾರೆ, ಆ ನಂಬಿಕೆಯನ್ನು ನಾನೂ ಕೆಡಿಸಲು ಹೋಗಿಲ್ಲ. ನಮ್ಮಲ್ಲಿ ಮಾನ್ಯತೆ ನವೀಕರಣದ ತಯಾರಿ ಶುರುವಾದಾಗ ನ್ಯಾಕ್‌ನ ಏಳು ಮಾನದಂಡಗಳನ್ನು ಏಳು ಜನರಿಗೆ ಹಂಚಿದರು. ಪಠ್ಯಕ್ರಮ ಒಬ್ಬರಿಗೆ, ಬೋಧನೆ ಒಬ್ಬರಿಗೆ, ಸಂಶೋಧನೆ ಇನ್ನೊಬ್ಬರಿಗೆ. ಏಳನೆಯದು ಸಾಂಸ್ಥಿಕ ಮೌಲ್ಯಗಳು ಮತ್ತು ಉತ್ತಮ ರೂಢಿಗಳು. ಮೌಲ್ಯ ಅಂದಮೇಲೆ ಸಂಸ್ಕೃತದ ಮೇಡಂ ಇದ್ದಾರಲ್ಲ ಎಂದು ಅದು ನನ್ನ ತಲೆಗೆ ಬಂತು. ಮೌಲ್ಯವನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿಸುವ ಆ ತಿಂಗಳುಗಳಲ್ಲಿ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಒಂದು ಸಂಸ್ಥೆ ಒಳ್ಳೆಯದು ಎಂದು ಯಾರು ಹೇಳಿದರೆ ನಂಬಬೇಕು? ತಾನೇ ಹೇಳಿಕೊಂಡರೆ ಸಾಲದು, ಸರಿ. ಹೊರಗಿನವರು ಹೇಳಿದರೆ ಸಾಕೆ?

ನ್ಯಾಕ್‌ನ ಕೇಂದ್ರ ಕಚೇರಿ ನಮಗೇನೂ ದೂರವಲ್ಲ. ಅಸ್ಸಾಮಿನ ಕಾಲೇಜಾಗಲಿ ಕೇರಳದ ಕಾಲೇಜಾಗಲಿ, ಕಡತ ಕೊನೆಗೆ ಬಂದು ನಿಲ್ಲುವುದು ನಾಗರಬಾವಿಯಲ್ಲಿ, ಜ್ಞಾನಭಾರತಿಯ ಮಗ್ಗುಲಲ್ಲಿ. 1994ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ನ್ಯಾಕ್ ಅನ್ನು ಹುಟ್ಟುಹಾಕಿತು. ಕರ್ನಾಟಕದಲ್ಲಿ ಮೊದಲು ಮಾನ್ಯತೆ ಪಡೆದದ್ದು ಹೊಸೂರು ರಸ್ತೆಯ ಕ್ರೈಸ್ಟ್ ಕಾಲೇಜು, 1998ರಲ್ಲಿ. ಆಗ ಅದು ಬೇಕಾದವರು ಮಾಡಿಸಿಕೊಳ್ಳುವ ಪರೀಕ್ಷೆ. ಬರಬರುತ್ತಾ ಅನುದಾನ, ಸ್ವಾಯತ್ತತೆ, ಹೊಸ ಕೋರ್ಸು ಎಲ್ಲಕ್ಕೂ ಗ್ರೇಡಿನ ನಂಟು ಬೆಳೆಯಿತು. ನಾಲ್ಕಕ್ಕೆ ಅಂಕ. 3.51ರಿಂದ ಎ ಪ್ಲಸ್ ಪ್ಲಸ್, 3.26ರಿಂದ ಎ ಪ್ಲಸ್, 3.01ರಿಂದ ಎ, ಹೀಗೆ ಇಳಿಯುತ್ತಾ 1.50 ಅಥವಾ ಅದಕ್ಕಿಂತ ಕೆಳಗಾದರೆ ಡಿ, ಅಂದರೆ ಮಾನ್ಯತೆ ಇಲ್ಲ. 2017ರ ಹೊಸ ಪದ್ಧತಿಯಲ್ಲಿ ಅಂಕದ ದೊಡ್ಡ ಪಾಲು ನಾವು ಕಂಪ್ಯೂಟರಿಗೆ ತುಂಬಿಸುವ ಲೆಕ್ಕಗಳಿಂದಲೇ ತೀರ್ಮಾನವಾಗುತ್ತದೆ. ಆ ಲೆಕ್ಕಗಳನ್ನು ದೂರದಲ್ಲಿ ಕೂತವರು ತಾಳೆ ನೋಡುತ್ತಾರೆ. ಕೊನೆಗೆ ಬೇರೆ ರಾಜ್ಯದ ಪ್ರಾಧ್ಯಾಪಕರ ತಂಡ, ನ್ಯಾಕ್ ಭಾಷೆಯಲ್ಲಿ ಪೀರ್ ಟೀಮ್, ಬಂದು ಒಂದೆರಡು ದಿನ ಕಾಲೇಜನ್ನು ಕಣ್ಣಾರೆ ನೋಡಿ ಹೋಗುತ್ತದೆ.

ಯಾರು ಹೇಳಿದರೆ ನಂಬಬೇಕು ಎಂಬ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ಪ್ರಾಮಾಣ್ಯವಾದ ಎಂದೇ ಹೆಸರಿಟ್ಟು ಸಾವಿರ ವರ್ಷಕ್ಕೂ ಮಿಕ್ಕಿ ಜಗಳವಾಡಿದ್ದಾರೆ. ಅಗೋ ಅಲ್ಲಿ ನೀರಿದೆ ಎಂದು ನನಗೆ ತಿಳಿಯಿತು ಅನ್ನಿ. ಆ ತಿಳಿವು ಸರಿ ಎಂದು ಗೊತ್ತಾಗುವುದು ಹೇಗೆ? ತಿಳಿವು ತನಗೆ ತಾನೇ ಸಾಕ್ಷಿ ಹೇಳಲಾರದು ಅಂದರು ತರ್ಕಶಾಸ್ತ್ರದ ನೈಯಾಯಿಕರು. ಹೋಗಿ ನೋಡು, ಕುಡಿ, ಬಾಯಾರಿಕೆ ಹೋದರೆ ತಿಳಿವು ಸರಿ, ಬಿಸಿಲ್ಗುದುರೆಯಾಗಿದ್ದರೆ ತಪ್ಪು. ಅಂದರೆ ಖಾತ್ರಿ ಹೊರಗಿನಿಂದಲೇ ಬರಬೇಕು. ವೇದವಿಚಾರದ ಮೀಮಾಂಸಕರು, ಅದರಲ್ಲೂ ಕುಮಾರಿಲಭಟ್ಟ, ಒಪ್ಪಲಿಲ್ಲ. ಒಂದು ತಿಳಿವನ್ನು ಖಾತ್ರಿ ಮಾಡಲು ಇನ್ನೊಂದು ಬೇಕೆಂದರೆ, ಆ ಇನ್ನೊಂದನ್ನು ಖಾತ್ರಿ ಮಾಡುವವರು ಯಾರು? ಮತ್ತೊಂದು, ಮಗದೊಂದು, ಕೊನೆಯೇ ಇಲ್ಲ. ಆದ್ದರಿಂದ ತಿಳಿವು ಹುಟ್ಟುತ್ತಲೇ ನಂಬಿಕೆಗೆ ಅರ್ಹ, ಅದು ಸುಳ್ಳು ಅನ್ನುವವನ ಮೇಲೆ ಸುಳ್ಳೆಂದು ತೋರಿಸುವ ಹೊಣೆ. ಕಣ್ಣಿಗೆ ಪೊರೆ ಬಂದಿದೆಯೇ, ಮುಂದೆ ಬಂದ ತಿಳಿವು ಇದನ್ನು ಅಲ್ಲಗಳೆಯುತ್ತದೆಯೇ, ಅದನ್ನು ತೋರಿಸು ಅಂದರು.

ನ್ಯಾಕ್ ನೈಯಾಯಿಕರ ಪಕ್ಷ. ಕಾಲೇಜು ತನ್ನ ಬಗ್ಗೆ ಹೇಳಿಕೊಳ್ಳುವ ಒಂದೊಂದು ಮಾತಿಗೂ ಹೊರಗಿನ ದಾಖಲೆ ಕೇಳುತ್ತದೆ. ತಪ್ಪೇನಿಲ್ಲ. ಆದರೆ ಮೀಮಾಂಸಕರು ತೋರಿಸಿದ ಕೊನೆಯಿಲ್ಲದ ಸರಪಳಿ ಇಲ್ಲಿಗೂ ಬಂದು ನಿಂತಿದೆ. ಕಾಲೇಜನ್ನು ತಂಡ ಪರೀಕ್ಷಿಸುತ್ತದೆ, ತಂಡವನ್ನು ಯಾರು ಪರೀಕ್ಷಿಸುತ್ತಾರೆ? 2025ರ ಫೆಬ್ರುವರಿಯಲ್ಲಿ ಆಂಧ್ರದ ವಿಶ್ವವಿದ್ಯಾಲಯವೊಂದರ ತಪಾಸಣೆಗೆ ಹೋಗಿದ್ದ ನ್ಯಾಕ್ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಒಳ್ಳೆಯ ಗ್ರೇಡಿಗಾಗಿ ಲಂಚ ಪಡೆದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಆ ಸುದ್ದಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಅರ್ಥಶಾಸ್ತ್ರದ ಸಹೋದ್ಯೋಗಿ ಪತ್ರಿಕೆ ಮಡಿಸಿಟ್ಟು, “ಇನ್ನು ಸಿಬಿಐಗೂ ಒಂದು ನ್ಯಾಕ್ ಮಾಡ್ಬೇಕು ಬಿಡಿ ಮೇಡಂ” ಅಂದರು. ಕುಮಾರಿಲನ ಆಕ್ಷೇಪವನ್ನು ಇದಕ್ಕಿಂತ ಚುಟುಕಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಈ ಕೊನೆಯಿಲ್ಲದ ಸರಪಳಿಗೆ ಉತ್ತರ ಹುಡುಕಲು ಕಾಶಿಗೋ ಮಿಥಿಲೆಗೋ ಹೋಗಬೇಕಿಲ್ಲ. ಕೆಂಗೇರಿಯಿಂದ ಇದೇ ಮೈಸೂರು ರಸ್ತೆ ಹಿಡಿದು ಬಿಡದಿ, ರಾಮನಗರ ದಾಟಿದರೆ ಚನ್ನಪಟ್ಟಣ. ಅದರ ಹತ್ತಿರ ಅಬ್ಬೂರು. ಬನ್ನೂರಿನಲ್ಲಿ ಹುಟ್ಟಿದ ಹುಡುಗನೊಬ್ಬ ಅಬ್ಬೂರಿನ ಬ್ರಹ್ಮಣ್ಯತೀರ್ಥರ ಶಿಷ್ಯನಾದ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿದ, ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ವ್ಯಾಸತೀರ್ಥರಾದ. ಪುರಂದರ, ಕನಕರ ಹೆಸರಿನ ಜೊತೆ ಬರುವ ವ್ಯಾಸರಾಯರು ಇವರೇ. ಇವರ ತರ್ಕತಾಂಡವ ಎಂಬ ಗ್ರಂಥ ಶುರುವಾಗುವುದೇ ಪ್ರಾಮಾಣ್ಯದ ಜಗಳದಿಂದ, ಮಿಥಿಲೆಯ ನೈಯಾಯಿಕ ಗಂಗೇಶನನ್ನು ಎದುರು ಕೂರಿಸಿಕೊಂಡು. ಮಧ್ವರು ಹೇಳಿದ್ದ ಸಾಕ್ಷಿಯನ್ನು ವ್ಯಾಸತೀರ್ಥರು ಅಲ್ಲಿ ತರ್ಕದ ಅಗ್ನಿಪರೀಕ್ಷೆಗೆ ಒಡ್ಡುತ್ತಾರೆ. ಪ್ರತಿಯೊಬ್ಬನ ಒಳಗೂ ಸಾಕ್ಷಿ ಇದೆ. ತಿಳಿವಿನ ಸತ್ಯ ಅದಕ್ಕೆ ತಾನಾಗಿ ತಿಳಿಯುತ್ತದೆ. ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಹಾಗಾದರೆ ಪರೀಕ್ಷೆ ಏಕೆ ಬೇಕು? ಇಲ್ಲಿದೆ ನನಗೆ ಹಿಡಿಸಿದ ಮಾತು. ದೋಷವಿರಬಹುದು ಎಂಬ ಸಂಶಯ ಬಂದರೆ ಸಾಕ್ಷಿಗೆ ತಡೆ ಬೀಳುತ್ತದೆ, ಆ ಸಂಶಯವನ್ನು ತೆಗೆದುಹಾಕುವುದಷ್ಟೇ ಪರೀಕ್ಷೆಯ ಕೆಲಸ. ಪರೀಕ್ಷೆ ತಿಳಿವಿಗೆ ಹೊಸ ಸತ್ಯವನ್ನೇನೂ ಸೇರಿಸುವುದಿಲ್ಲ. ಅಡ್ಡಿ ತೆಗೆಯುತ್ತದೆ, ಅಷ್ಟೆ.

ಐದು ಶತಮಾನದ ಹಿಂದಿನ ಈ ವಿಚಾರವನ್ನು ಕಾಲೇಜಿನ ಬಾಗಿಲಿಗೆ ತಂದರೆ ಏನಾಗುತ್ತದೆ ನೋಡಿ. ಮಾನ್ಯತೆ ಕೊಡುವವರು ದೋಷ ಹುಡುಕಬೇಕು. ಗುಣಗಳ ಪಟ್ಟಿ ಕೇಳಬಾರದು. ನಾವು ಮಾಡುತ್ತಿರುವುದು ಇದಕ್ಕೆ ತಿರುಗುಮುರುಗು.

ಸ್ವಯಂ ಅಧ್ಯಯನ ವರದಿ, ನಮ್ಮ ಬಾಯಲ್ಲಿ ಎಸ್‌ಎಸ್‌ಆರ್, ಅದರ ಆರಂಭದಲ್ಲೇ ಸಂಸ್ಥೆಯ ಶಕ್ತಿ, ದೌರ್ಬಲ್ಯ, ಅವಕಾಶ, ಸವಾಲುಗಳನ್ನು ಬರೆಯುವ ಜಾಗವಿದೆ. ಮೌಲ್ಯದವಳು ಎಂಬ ಕಾರಣಕ್ಕೆ ಆ ಭಾಗದ ಮೊದಲ ಕರಡೂ ನನ್ನದೇ ಆಯಿತು. ಶಕ್ತಿ ಬರೆಯಲು ಎಲ್ಲರೂ ನೆರವಾದರು. ದೌರ್ಬಲ್ಯಕ್ಕೆ ಬಂದಾಗ ಕೋಣೆ ತಣ್ಣಗಾಯಿತು. ನಾನು ಬರೆದಿದ್ದು ಹೀಗೆ: ಗ್ರಂಥಾಲಯದ ಕನ್ನಡ ಪುಸ್ತಕಗಳು ಬೀಗದೊಳಗಿವೆ. ಕಂಪ್ಯೂಟರ್ ಲ್ಯಾಬಿನಲ್ಲಿ ಯುಪಿಎಸ್ ಕೆಟ್ಟು ಕರೆಂಟು ಹೋದರೆ ತರಗತಿ ನಿಲ್ಲುತ್ತದೆ. ಹುಡುಗಿಯರ ಶೌಚಾಲಯದಲ್ಲಿ ಮಧ್ಯಾಹ್ನದ ಮೇಲೆ ನೀರಿರುವುದಿಲ್ಲ. ಅರ್ಧ ವರ್ಷಕ್ಕೊಮ್ಮೆ ಬದಲಾಗುವ ತಾತ್ಕಾಲಿಕ ಉಪನ್ಯಾಸಕರಿಂದ ಗಣಿತದ ಪಾಠ ಹರಿದುಹೋಗಿದೆ.

ಸಮಿತಿ ಓದಿತು. ಯಾರೂ ಇದು ಸುಳ್ಳು ಅನ್ನಲಿಲ್ಲ. “ಮೇಡಂ, ವೀಕ್ನೆಸ್ ಬರೀಬೇಕು ನಿಜ, ಆದ್ರೆ ವೀಕ್ ಆಗಿ ಕಾಣಬಾರದು” ಎಂದರು ಹಿರಿಯರೊಬ್ಬರು, ನಗದೆ. ಮೂರು ಸುತ್ತು ತಿದ್ದಿದ ಮೇಲೆ ಉಳಿದದ್ದು ಇಷ್ಟು: ಪ್ರವೇಶಕ್ಕೆ ಬೇಡಿಕೆ ಹೆಚ್ಚಿರುವುದರಿಂದ ಸ್ಥಳಾವಕಾಶ ಸಾಲುತ್ತಿಲ್ಲ. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳ ಇಂಗ್ಲಿಷ್ ಸಂವಹನ ಸುಧಾರಿಸಬೇಕಿದೆ. ಕೈಗಾರಿಕೆಗಳೊಂದಿಗೆ ಒಡಂಬಡಿಕೆಗಳನ್ನು ಇನ್ನಷ್ಟು ಹೆಚ್ಚಿಸಬಹುದು. ಮೊದಲನೆಯದು ಹೊಗಳಿಕೆ. ಎರಡನೆಯದರಲ್ಲಿ ದೌರ್ಬಲ್ಯ ಕಾಲೇಜಿನಿಂದ ಜಾರಿ ಬಿಡದಿಯಿಂದ ಬರುವ ಹುಡುಗನ ತಲೆ ಮೇಲೆ ಕೂತಿತು. ಮೂರನೆಯದು ಮುಂದಿನ ಸುತ್ತಿನ ಗ್ರೇಡಿಗೆ ಬೇಕಾದ ಪೀಠಿಕೆ. ಅನೇಕ ಕಾಲೇಜುಗಳ ವರದಿಗಳನ್ನು ಆಮೇಲೆ ತೆರೆದು ನೋಡಿದೆ. ಇವೇ ಮೂರು ವಾಕ್ಯಗಳು ರೂಪ ಬದಲಿಸಿ ಊರೂರು ಸುತ್ತುತ್ತಿವೆ.

ಸಮಿತಿಯವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಅಂಕ ಕಳೆಯುವ ಪರೀಕ್ಷಕರ ಮುಂದೆ ತಪ್ಪೊಪ್ಪಿಕೊಳ್ಳಲು ಯಾರೂ ಸಂತರಲ್ಲ. ಒಪ್ಪಿಕೊಂಡವರಿಗೆ ನಷ್ಟ, ಮುಚ್ಚಿಟ್ಟವರಿಗೆ ಲಾಭ ಎಂಬ ಏರ್ಪಾಡಿನಲ್ಲಿ ಸತ್ಯ ಹೇಳು ಎಂದು ಉಪದೇಶ ಮಾಡುವುದು ಅಗ್ಗದ ಕೆಲಸ. ಏರ್ಪಾಡೇ ಸುಳ್ಳನ್ನು ಬೆಳೆಸುತ್ತದೆ ಎಂಬುದಷ್ಟೇ ನನ್ನ ತಕರಾರು.

ದಾಖಲೆಯ ವಿಷಯಕ್ಕೆ ಬಂದರೆ ಜಿಯೋಟ್ಯಾಗ್ ಫೋಟೊದ ಹಾವಳಿಯನ್ನು ಹೇಳದಿದ್ದರೆ ಆಗದು. ಗಿಡ ನೆಟ್ಟ ಚಿತ್ರ, ರಕ್ತದಾನದ ಚಿತ್ರ, ಸ್ವಚ್ಛತಾ ಅಭಿಯಾನದ ಚಿತ್ರ, ಎಲ್ಲದರ ಕೆಳಗೂ ಅಕ್ಷಾಂಶ ರೇಖಾಂಶ ಮೂಡಿರಬೇಕು. ಪರಿಸರ ಅಧ್ಯಯನಕ್ಕೆಂದು ನಮ್ಮ ಹುಡುಗರನ್ನು ಕೇತೋಹಳ್ಳಿಯ ದೊಡ್ಡ ಆಲದಮರಕ್ಕೆ ಕರೆದೊಯ್ದಿದ್ದೆವು. ನಾನೂರು ವರ್ಷದ ಮರ ಅನ್ನುತ್ತಾರೆ, ಸುಮಾರು ಮೂರು ಎಕರೆಗೆ ಹರಡಿದೆ. ಅದರ ಮೂಲ ಕಾಂಡ ರೋಗ ತಗುಲಿ 2000ದ ಸುಮಾರಿಗೇ ಸತ್ತಿತು. ಈಗ ನಿಂತಿರುವುದೆಲ್ಲ ನೆಲಕ್ಕಿಳಿದ ಬಿಳಲುಗಳು. ಹುಡುಗನೊಬ್ಬ ಮಧ್ಯದ ಖಾಲಿ ಜಾಗ ತೋರಿಸಿ, “ಮ್ಯಾಮ್, ಮರ ಎಲ್ಲಿದೆ?” ಅಂದ. ನಾನು ಸಂಸ್ಕೃತ ಕಲಿಸಲು ಶುರುಮಾಡಿದ ಮೇಲೆ ಕೇಳಿಸಿಕೊಂಡ ಅತ್ಯಂತ ಒಳ್ಳೆಯ ತತ್ವಶಾಸ್ತ್ರದ ಪ್ರಶ್ನೆ ಅದು. ಅಲ್ಲೇ ಕೂತು ಒಂದು ಗಂಟೆ ಮಾತಾಡಿದೆವು, ಅಂಗಗಳೆಲ್ಲ ಬದಲಾದ ಮೇಲೂ ಅಂಗಿ, ಅಂದರೆ ಅಂಗಗಳುಳ್ಳ ಇಡೀ ವಸ್ತು, ಅದೇ ಎಂದು ಹೇಗೆ ಹೇಳುತ್ತೀರಿ ಎಂದು. ವರದಿಗೆ ಹೋದದ್ದು ಸಾಲಾಗಿ ನಿಂತ ಅರವತ್ತು ಜನರ ಚಿತ್ರ. ಅಕ್ಷಾಂಶ ಸರಿಯಾಗಿತ್ತು. ಆ ಪ್ರಶ್ನೆಗೆ ಕಾಲಂ ಇರಲಿಲ್ಲ.

ಇನ್ನು ಕ್ಯಾಂಪಸ್ಸಿನ ಬೆಳವಣಿಗೆ. ಕೆಂಗೇರಿಯ ಸುತ್ತ ಇದನ್ನು ಬೆಳೆಸಿದವರಲ್ಲಿ ಧರ್ಮಸಂಸ್ಥೆಗಳ ಪಾಲು ದೊಡ್ಡದು, ಅದಕ್ಕೇ ಇದು ಬರೀ ಕಟ್ಟಡದ ವಿಷಯವಲ್ಲ. ಉತ್ತರಹಳ್ಳಿ ರಸ್ತೆಯಲ್ಲಿ ಸುತ್ತೂರು ಮಠದ ಜೆಎಸ್‌ಎಸ್ ತಾಂತ್ರಿಕ ಅಕಾಡೆಮಿ 1997ರಲ್ಲಿ ಬಂತು. ಆದಿಚುಂಚನಗಿರಿ ಮಠದ ಎಸ್‌ಜೆಬಿ ತಾಂತ್ರಿಕ ಕಾಲೇಜು 2001ರಲ್ಲಿ, ಅದರ ಜೊತೆಗೆ ಆಸ್ಪತ್ರೆ, ವೈದ್ಯಕೀಯ ಕಾಲೇಜು ಸೇರಿ ಒಂದು ಊರೇ ಆಯಿತು. 2009ರಲ್ಲಿ ಕುಂಬಳಗೋಡಿನ ಕಡೆ ಕ್ರೈಸ್ಟ್ ವಿಶ್ವವಿದ್ಯಾಲಯದ ಕೆಂಗೇರಿ ಕ್ಯಾಂಪಸ್. ಕ್ರೈಸ್ಟ್ ನಡೆಸುವ ಸಿಎಂಐ ಎಂಬ ಕ್ಯಾಥೊಲಿಕ್ ಸಂಘದ ಸಂನ್ಯಾಸಿಗಳ ಮೂಲಪುರುಷರಲ್ಲಿ ಒಬ್ಬರಾದ ಚಾವರ ಕುರಿಯಾಕೋಸ್ ಏಲಿಯಾಸ್ 1846ರಲ್ಲಿ ಕೇರಳದ ಮಾನ್ನಾನಂನಲ್ಲಿ ಸಂಸ್ಕೃತ ಶಾಲೆ ತೆರೆದವರು, ಮುಂದೆ ಪ್ರತಿ ಚರ್ಚಿನ ಮಗ್ಗುಲಲ್ಲೂ ಒಂದು ಶಾಲೆ ಇರಲಿ ಎಂದವರು. ಸಂಸ್ಕೃತದವಳಾಗಿ ನನಗೆ ಇದು ಬಹಳ ಹೆಮ್ಮೆಯ ಸಂಗತಿ. ಸುತ್ತೂರಿನ ರಾಜೇಂದ್ರ ಸ್ವಾಮಿಗಳು 1954ರಲ್ಲಿ ಮಹಾವಿದ್ಯಾಪೀಠ ಕಟ್ಟಿದಾಗ, ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು 1974ರಲ್ಲಿ ಪೀಠವೇರಿ ಹಳ್ಳಿ ಹಳ್ಳಿಗೆ ಶಾಲೆ ಒಯ್ದಾಗ, ಯಾವ ಗ್ರೇಡು ಇತ್ತು? ಊಟವಿಲ್ಲದ ಹುಡುಗನಿಗೆ ಊಟ ಹಾಕಿ ಓದಿಸಿದರು, ಆ ಹುಡುಗನೇ ಅವರ ವರದಿ.

ಹಾಗೆಂದು ಬೆಳವಣಿಗೆ ತನ್ನಷ್ಟಕ್ಕೆ ಪುಣ್ಯವೇ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಹನ್ನೆರಡನೇ ಶತಮಾನದ ಶರಣರೇ ಎದುರಿಸಿದ್ದಾರೆ. ಅವರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮನ ಪ್ರಸಂಗ ಬರುತ್ತದೆ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ಅಗೆಸುತ್ತಿದ್ದ, ಗುಡಿ ಕಟ್ಟಿಸುತ್ತಿದ್ದ. ಸಾವಿರಾರು ಜನ ಕೆಲಸಕ್ಕೆ. ಊರಿಗೆ ನೀರು, ದಾರಿಹೋಕರಿಗೆ ಅನ್ನ. ಯಾರು ತಾನೇ ತಪ್ಪೆನ್ನಬೇಕು? ಅಲ್ಲಿಗೆ ಅಲ್ಲಮಪ್ರಭು ಬಂದು, ಒಡ್ಡರವನು ಎಲ್ಲಿ ಎಂದು ಕೇಳುತ್ತಾನೆ. ಗುರುವನ್ನು ಮಣ್ಣುಕೆಲಸದವನೆಂದು ಕರೆದದ್ದಕ್ಕೆ ಕೆಲಸಗಾರರು ಕಲ್ಲೆಸೆಯುತ್ತಾರೆ, ಸಿದ್ಧರಾಮ ಕೆರಳಿ ಬರುತ್ತಾನೆ. ಆಮೇಲೆ ನಡೆಯುವುದು ದೀರ್ಘ ವಾದ. ಹೊರಗೆ ಇಷ್ಟೆಲ್ಲ ಕಟ್ಟುತ್ತಿದ್ದೀಯ, ಕಟ್ಟುತ್ತಿರುವ ನೀನು ಯಾರೆಂದು ತಿಳಿದಿದ್ದೀಯಾ ಎಂಬುದೇ ಅಲ್ಲಮನ ಪ್ರಶ್ನೆಯ ತಿರುಳು.

ಪೀರ್ ಟೀಮ್ ಎಂದರೆ ಅಲ್ಲಮ. ಹಾರ ಹಾಕಿಸಿಕೊಳ್ಳಲಿಲ್ಲ, ಕಲ್ಲೇಟು ತಿಂದ. ಅಂಕ ಕೊಡಲಿಲ್ಲ. ಜೊತೆಯಲ್ಲಿ ಕೂತು ವಾದಿಸಿ, ಕೊನೆಗೆ ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋದ. ಒಂದು ಮಾತು ನೆನಪಿರಲಿ. ಸಿದ್ಧರಾಮನ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ, ಅದರ ನಡುವೆ ಸಿದ್ಧೇಶ್ವರನ ಗುಡಿ ಇದೆ. ಅಲ್ಲಮನ ಪ್ರಶ್ನೆಯನ್ನು ಓದಿ, ಕಟ್ಟುವುದೇ ತಪ್ಪು ಎಂದು ಅರ್ಥ ಮಾಡಿಕೊಳ್ಳುವವರು ಆ ಕೆರೆಯನ್ನು ಮರೆತಿರುತ್ತಾರೆ. ಕ್ಯಾಂಪಸ್ಸು ಬೆಳೆಯಲಿ. ಬೆಳೆಸುವವರ ಎದುರು ನಿಂತು ಒರಟಾಗಿ ಕೇಳುವ ಒಬ್ಬ ಬೇಕು. ನಾವು ತಂಡವನ್ನು ಗೇಟಿನಲ್ಲಿ ಡೊಳ್ಳು ಬಾರಿಸಿ ಬರಮಾಡಿಕೊಳ್ಳುತ್ತೇವೆ. ಮೈಸೂರು ಪೇಟ ತೊಡಿಸಿದ ತಲೆಯಿಂದ ಒರಟು ಪ್ರಶ್ನೆ ಹೊರಡುವುದು ಕಷ್ಟ.

ಪ್ರಶ್ನೆ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೋರ್ಸುಗಳನ್ನೂ ನೋಡಬಹುದು, ಹೆಚ್ಚು ಹೇಳುವುದಿಲ್ಲ. 2021ರಲ್ಲಿ ದೇಶದಲ್ಲೇ ನಾವೇ ಮೊದಲು ಎಂದು ಹೊಸ ಶಿಕ್ಷಣ ನೀತಿ ತಂದು ನಾಲ್ಕು ವರ್ಷದ ಆನರ್ಸ್ ಪದವಿ ಶುರುಮಾಡಿದೆವು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಕಾರಿಡಾರಿನಲ್ಲಿ ಎರಡು ಪದ್ಧತಿಯ ಮಕ್ಕಳು, ಎರಡು ಬಗೆಯ ಅಂಕಪಟ್ಟಿ. ಯಾವುದು ಒಳ್ಳೆಯದೆಂದು ಆ ಮಕ್ಕಳನ್ನು ಯಾರೂ ಕೇಳಲಿಲ್ಲ.

ಎದುರು ಪಕ್ಷದ ಮಾತನ್ನೂ ಆಡಬೇಕು, ಅದು ಶಾಸ್ತ್ರದ ಶಿಸ್ತು. ದೋಷ ತೋರುವ ತನಕ ನಂಬು ಎಂದ ಕುಮಾರಿಲನ ಮನಸ್ಸಿನಲ್ಲಿ ಕೊನೆಗೂ ಇದ್ದದ್ದು ವೇದ. ಅವನ ಪ್ರಕಾರ ಅದನ್ನು ಮನುಷ್ಯ ಬರೆದದ್ದಲ್ಲ, ಆದ್ದರಿಂದ ದೋಷಕ್ಕೆ ಜಾಗವೇ ಇಲ್ಲ. ಮನುಷ್ಯನ ಮಾತಿಗೆ ಬಂದರೆ ಆಡುವವನ ಆಸೆ, ಮೋಸ, ಮರೆವು ಎಲ್ಲ ಅಂಟಿಕೊಂಡೇ ಬರುತ್ತದೆ ಎಂದು ಅವನಿಗೂ ಗೊತ್ತಿತ್ತು. ಕಾಲೇಜನ್ನು ಕಟ್ಟುವವರು ಮನುಷ್ಯರು, ಕೆಲವೊಮ್ಮೆ ಜಮೀನು ವ್ಯವಹಾರದವರು. ಯುಜಿಸಿ ವರ್ಷ ವರ್ಷ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಹೊರಡಿಸುವುದು ಸುಮ್ಮನೆ ಅಲ್ಲ. ತಪಾಸಣೆಯೇ ಬೇಡ ಅಂದರೆ ಮೊದಲು ಮುಳುಗುವವಳು ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿಗೆ ಬಂದ ಹುಡುಗಿ, ಅವಳಿಗೆ ವಿಚಾರಿಸಲು ಊರಿನಲ್ಲಿ ಯಾರೂ ಇರುವುದಿಲ್ಲ. ಹಳೆಯ ಕಾಲದ ಪಂಡಿತರು ಶಾಸ್ತ್ರ ವಾದಿಸುತ್ತಿದ್ದ ವಾಕ್ಯಾರ್ಥ ಸಭೆಗಳನ್ನು ನಾನು ಎಷ್ಟೇ ಕೊಂಡಾಡಲಿ, ಇವಳಂಥವರನ್ನು ಅಲ್ಲಿ ಬಾಗಿಲ ಹತ್ತಿರವೂ ಬಿಡುತ್ತಿರಲಿಲ್ಲ. ಇವಳನ್ನು ಒಳಗೆ ಬಿಟ್ಟದ್ದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ರಾಜ್ಯದಲ್ಲಿ ಅಂಥವು ನಾನೂರಕ್ಕೂ ಹೆಚ್ಚಿವೆ, ಕೆಂಗೇರಿಯಲ್ಲೂ ಒಂದಿದೆ. ಅಮೆರಿಕದಲ್ಲಿ 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾಗಿ ಊರೂರಿಗೆ ಹಬ್ಬಿದ ಕಮ್ಯುನಿಟಿ ಕಾಲೇಜುಗಳು ಮಾಡುವ ಕೆಲಸವನ್ನು ಇಲ್ಲಿ ಇವು ಮಾಡುತ್ತಿವೆ. ಯುಜಿಸಿ ಹತ್ತು ಹನ್ನೆರಡು ವರ್ಷದ ಹಿಂದೆ ಸಮುದಾಯ ಕಾಲೇಜು ಎಂಬ ಹೆಸರಿನಲ್ಲೇ ಒಂದು ಯೋಜನೆ ತಂದಿತು. ಅದರ ಹೆಸರು ಕೇಳಿದವರು ಕಡಿಮೆ. ಹೆಸರಿಲ್ಲದೆ ಆ ಕೆಲಸ ಮಾಡುತ್ತಿರುವವು ಈ ಸರ್ಕಾರಿ ಕಾಲೇಜುಗಳು.

ಇಂಥ ಕಾಲೇಜಿಗೆ ಗ್ರೇಡು ಕಡಿಮೆ ಬರುವುದು ಹೇಗೆ ಗೊತ್ತೆ? ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂದು ಒಂದು ಕಾಲಂ ಕೇಳುತ್ತದೆ. ಭರ್ತಿ ಮಾಡಬೇಕಾದದ್ದು ಸರ್ಕಾರ. ಅದು ಮಾಡದೆ ರಾಜ್ಯದಾದ್ಯಂತ ಹತ್ತು ಸಾವಿರದಷ್ಟು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಪಾಠ ನಡೆಸುತ್ತದೆ. ಅಂಕ ಕಳೆದುಕೊಳ್ಳುವುದು ಕಾಲೇಜು. ಗ್ರೇಡು ಕಡಿಮೆಯಾದರೆ ಅನುದಾನಕ್ಕೆ ಕುತ್ತು, ಅನುದಾನವಿಲ್ಲದಿದ್ದರೆ ಗ್ರೇಡು ಮೇಲೇಳುವುದಿಲ್ಲ. ಶಾಸ್ತ್ರದ ಭಾಷೆಯಲ್ಲಿ ಹುದ್ದೆ ಖಾಲಿ ಬಿಟ್ಟದ್ದು ಕಾರಣದೋಷ, ಅಂದರೆ ತಿಳಿವು ಹುಟ್ಟಿಸುವ ಸಾಧನದ ದೋಷ. ದೋಷ ಕಣ್ಣಿನದೋ ಬೆಳಕಿನದೋ ಎಂದು ನೋಡದೆ ಕಣ್ಣಿಗೆ ದಂಡ ಹಾಕಿದಂತಾಯಿತು.

ಹಾಗಿದ್ದರೆ ಕಾಲೇಜಿನ ಸಾಕ್ಷಿ ಯಾರು? ವ್ಯಾಸತೀರ್ಥರ ಸಾಕ್ಷಿ ಒಳಗಿನವನು, ಪ್ರತಿಯೊಬ್ಬನಲ್ಲೂ ಇರುವವನು. ಕಟ್ಟಡಕ್ಕೆ ಆತ್ಮವಿಲ್ಲ. ಆದರೆ ಅದರ ಒಳಗೇ ಇದ್ದು, ದಿನದಿನವೂ ಅನುಭವಿಸಿ, ಸುಳ್ಳು ಹೇಳಿ ಗಳಿಸಬೇಕಾದ್ದೇನೂ ಇಲ್ಲದ ಒಂದು ವರ್ಗವಿದೆ. ತಂಡ ಬರುವ ಹಿಂದಿನ ದಿನ ಸಂಜೆ, ಇಡೀ ಕಾಲೇಜಿಗೆ ಸುಣ್ಣ ಬಣ್ಣ ಆಗಿತ್ತು, ಮೆಟ್ಟಿಲ ಮೇಲೆ ರಂಗೋಲಿ ಬಿಡಿಸುತ್ತಿದ್ದರು. ಮೊದಲ ಮಹಡಿಯ ಹುಡುಗಿಯರ ಶೌಚಾಲಯಕ್ಕೆ ಹೊಸ ನಲ್ಲಿ, ಹೊಸ ಬಕೆಟ್, ಕನ್ನಡಿ ಎಲ್ಲ ಬಂದಿತ್ತು. ತಾಯಿ ಗಾರ್ಮೆಂಟ್ಸ್‌ಗೆ ಹೋಗುವ, ತಾನು ಬೆಳಿಗ್ಗೆ ಎರಡು ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿ ಬರುವ ಅಂತಿಮ ವರ್ಷದ ಹುಡುಗಿಯೊಬ್ಬಳು ರಂಗೋಲಿ ಪುಡಿಯ ಕೈ ತೊಳೆದುಕೊಂಡು ಬಂದು ನನ್ನನ್ನು ಕೇಳಿದಳು: “ಮ್ಯಾಮ್, ಅವರು ಹೋದ್ಮೇಲೆ ಇದಕ್ಕೆ ಬೀಗ ಹಾಕಲ್ಲ ಅಲ್ವಾ?”

ನಮ್ಮ ಏಳು ಮಾನದಂಡಗಳ ಕಡತಗಳು ಹೇಳದಿದ್ದದ್ದನ್ನು ಆ ಒಂದು ಮಾತು ಹೇಳಿಬಿಟ್ಟಿತು. ಕಾಲೇಜಿನ ಇತಿಹಾಸವೂ ಅದರಲ್ಲಿತ್ತು, ಭವಿಷ್ಯದ ಊಹೆಯೂ ಇತ್ತು. ನ್ಯಾಕ್ ವಿದ್ಯಾರ್ಥಿಗಳ ಸಮೀಕ್ಷೆ ಮಾಡುತ್ತದೆ ನಿಜ, ಮಿಂಚಂಚೆಯಲ್ಲಿ ಪ್ರಶ್ನೆಗಳು ಬರುತ್ತವೆ. ಏಳು ಮಾನದಂಡಗಳ ಮಧ್ಯೆ ಅದೊಂದು ಸಣ್ಣ ಉಪವಿಭಾಗ. ಮುಖ್ಯ ಸಾಕ್ಷಿಯನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಗುಮಾಸ್ತರನ್ನು ಕಟಕಟೆಗೆ ಕರೆದ ನ್ಯಾಯಾಲಯ ಇದು. ಬೀಗದ ವಿಷಯ ಹೇಳಬೇಕೆಂದರೆ, ಎರಡು ವಾರ ತೆರೆದಿತ್ತು.

2024ರ ಜನವರಿಯಲ್ಲಿ ನ್ಯಾಕ್ ಅಕ್ಷರದ ಗ್ರೇಡುಗಳನ್ನು ಬಿಟ್ಟು, ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಸರಳ ಪದ್ಧತಿಗೆ ಹೋಗುವುದಾಗಿ ಘೋಷಿಸಿತು. ಇಸ್ರೊ ಅಧ್ಯಕ್ಷರಾಗಿದ್ದ ಕೆ. ರಾಧಾಕೃಷ್ಣನ್ ಅವರ ಸಮಿತಿಯ ಶಿಫಾರಸು ಅದು. ನನ್ನ ಮಟ್ಟಿಗೆ ಇದು ಸರಿಯಾದ ದಾರಿ, ವ್ಯಾಸತೀರ್ಥರಿಗೆ ಹತ್ತಿರದ್ದು. ದೊಡ್ಡ ದೋಷವಿಲ್ಲ ಎಂಬುದನ್ನಷ್ಟೇ ನೋಡು, ಸಂಶಯ ತೆಗೆ, ಪಕ್ಕಕ್ಕೆ ಸರಿ. ಆದರೆ ಅದೇ ಘೋಷಣೆಯಲ್ಲಿ ಒಂದರಿಂದ ಐದರವರೆಗೆ ಮಟ್ಟಗಳೂ ಸೇರಿಕೊಂಡಿವೆ. ಫಲಕ ಬರೆಯುವವರಿಗೆ ಕೆಲಸ ತಪ್ಪುವುದಿಲ್ಲ ಅನ್ನಿ. ಮಟ್ಟಗಳನ್ನು ಕೈಬಿಟ್ಟು, ಪ್ರತಿ ಕಾಲೇಜೂ ತನ್ನ ದೌರ್ಬಲ್ಯಗಳನ್ನು ಪ್ರಕಟಿಸಬೇಕು, ಒಪ್ಪಿಕೊಂಡದ್ದಕ್ಕೆ ಅಂಕ ಕಳೆಯಬಾರದು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಮಾನ್ಯತೆ ಹೋಗಬೇಕು ಎಂಬ ನಿಯಮ ತಂದರೆ ನಾಗರಬಾವಿಯ ಕಚೇರಿಗೆ ನನ್ನದೊಂದು ನಮಸ್ಕಾರ.

ಅಲ್ಲಿಯವರೆಗೆ, ಮೇ ಜೂನ್‌ನಲ್ಲಿ ಮಗಳನ್ನೋ ಮಗನನ್ನೋ ಕರೆದುಕೊಂಡು ಈ ರಸ್ತೆಯಲ್ಲಿ ಕಾಲೇಜು ಹುಡುಕುವ ತಂದೆತಾಯಂದಿರಲ್ಲಿ ಒಂದು ವಿನಂತಿ. ಮಾನ್ಯತೆ ಪಡೆದ ಕಾಲೇಜುಗಳ ಎಸ್‌ಎಸ್‌ಆರ್ ಅವುಗಳ ಜಾಲತಾಣದಲ್ಲೇ ಇರಬೇಕು, ತೆರೆದು ದೌರ್ಬಲ್ಯದ ಭಾಗವನ್ನು ಮೊದಲು ಓದಿ. ಖಾಯಂ ಅಧ್ಯಾಪಕರು ಎಷ್ಟು ಜನ ಎಂದು ನೋಡಿ. ಆಮೇಲೆ ಆಫೀಸಿಗೆ ಹೋಗುವ ಮೊದಲು ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ನಿಂತಿರುವ ಅಂತಿಮ ವರ್ಷದವರನ್ನು ಮಾತಾಡಿಸಿ. ಮಗಳನ್ನು ಸೇರಿಸುವುದಾದರೆ ಹುಡುಗಿಯರನ್ನೇ ಕೇಳಿ, ನೀರು ಎಷ್ಟು ಗಂಟೆಯವರೆಗೆ ಬರುತ್ತದೆ ಎಂದು.